ಹೆಜ್ಜೆ ಎಣಿಸದ ನಡಿಗೆ

ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಬೇಕು ಎಂಬ ಮಾತು ಬೆಂಗಳೂರಿನ ಲಾಲ್‌ಬಾಗಿನಲ್ಲೂ ಕಲಬುರಗಿಯ ಉದ್ಯಾನದಲ್ಲೂ ಈಗ ವೇದವಾಕ್ಯ. ಆ ಸಂಖ್ಯೆ ಬಂದದ್ದು ಮಾತ್ರ ಟೋಕಿಯೊದ ಮಾರುಕಟ್ಟೆಯಿಂದ. 1964ರ ಒಲಿಂಪಿಕ್ಸ್ ಮುಗಿದ ಮರುವರ್ಷ ಯಮಸಾ ಎಂಬ ಜಪಾನಿ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರಾಟಕ್ಕೆ ಬಿಟ್ಟಿತು. 'ಮಾನ್‌ಪೊಕೆ' ಎಂದು, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕವೆಂದು, ಅದಕ್ಕೆ ಹೆಸರಿಟ್ಟಿತು. ಹೆಸರೇ ಗುರಿಯಾಗಿ, ಗುರಿ ಜಗತ್ತಿಗೆಲ್ಲ ಹಬ್ಬಿತು. 2019ರಲ್ಲಿ ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು ಅಮೆರಿಕದ ಹದಿನಾರು ಸಾವಿರಕ್ಕೂ ಹೆಚ್ಚು ಹಿರಿಯ ಮಹಿಳೆಯರ ನಡಿಗೆಯನ್ನು ಪರಿಶೀಲಿಸಿದಾಗ, ಸಾವಿನ ಅಪಾಯ 4,400 ಹೆಜ್ಜೆಗೇ ಗಣನೀಯವಾಗಿ ತಗ್ಗಿರುವುದೂ, ಸುಮಾರು 7,500 ದಾಟಿದ ಮೇಲೆ ಅದು ಮತ್ತಷ್ಟು ಇಳಿಯದಿರುವುದೂ ಕಂಡಿತು. ನನ್ನ ತಕರಾರು ಸಂಖ್ಯೆ ದೊಡ್ಡದೋ ಚಿಕ್ಕದೋ ಎಂಬುದರ ಬಗ್ಗೆ ಅಲ್ಲ. ಎಣಿಕೆ ಶುರುವಾದ ಕ್ಷಣ ಗಮನ ಪಾದದಿಂದ ಮಣಿಕಟ್ಟಿಗೆ ಏರುತ್ತದೆ. ನಡೆದದ್ದು ಲೆಕ್ಕಕ್ಕೆ ಸಿಗುತ್ತದೆ, ನಡೆಯುತ್ತಿರುವುದು ಕೈ ತಪ್ಪುತ್ತದೆ. ಹೆಜ್ಜೆ ಎಣಿಸುವುದನ್ನು ಕಲಿಸಿದ ಆ ದೇಶದಲ್ಲೇ ಹೆಜ್ಜೆಯನ್ನು ಧ್ಯಾನವಾಗಿಸುವ ಪದ್ಧತಿಯೂ ಎಂಟು ಶತಮಾನದಿಂದ ಉಳಿದುಕೊಂಡಿದೆ. ದಿನನಿತ್ಯದ ನಡಿಗೆ ಧ್ಯಾನವಾಗಲು ನಿಜವಾಗಿ ಏನು ಬೇಕು ಎಂದು ಕೇಳುವವರು ಟೋಕಿಯೊದ ಪೂರ್ವದಂಚಿನಲ್ಲಿರುವ ನಿಶಿ ಕಸಾಯಿಯನ್ನು ನೋಡಬೇಕು.

ಎದೊಗಾವಾ ವಾರ್ಡಿನ ಈ ಬಡಾವಣೆ ಪ್ರವಾಸಿಗರ ಪಟ್ಟಿಯಲ್ಲಿ ಇರುವಂಥದ್ದಲ್ಲ. ತೋಜಾಯ್ ಮಾರ್ಗದ ಮೆಟ್ರೊ ನಿಲ್ದಾಣ ಇಲ್ಲಿ ತೆರೆದದ್ದು 1979ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಗಮೋಹನ್ ಚಂದ್ರಾಣಿ ಎಂಬ ಚಹಾ ವ್ಯಾಪಾರಿ ಇಲ್ಲಿ ಬಂದು ನೆಲೆಸಿದರು. ಕಂಪ್ಯೂಟರುಗಳ 2000ನೇ ಇಸವಿಯ ತೊಡಕನ್ನು ಬಿಡಿಸಲು ಭಾರತದಿಂದ ಎಂಜಿನಿಯರುಗಳು ಸಾಲುಗಟ್ಟಿ ಬಂದಾಗ ಅವರಿಗೆ ಊಟಕ್ಕೂ ಮನೆಗೂ ದಾರಿ ತೋರಿಸಿದವರು ಚಂದ್ರಾಣಿಯವರೇ. ಬ್ಯಾಂಕುಗಳಿರುವ ಒತೆಮಾಚಿ, ನಿಹೊನ್‌ಬಾಶಿಗೆ ಇಲ್ಲಿಂದ ರೈಲು ಬದಲಿಸದೆ ಹೋಗಬಹುದು. ಜಾಮೀನುದಾರರನ್ನೂ ಮರಳಿ ಬಾರದ ಮುಂಗಡವನ್ನೂ ಕೇಳದ ಯುಆರ್ ಎಂಬ ವಸತಿ ಸಂಸ್ಥೆಯ ಬಾಡಿಗೆ ಮನೆಗಳೂ ಸಿಕ್ಕವು. ಹೀಗೆ ಟೋಕಿಯೊದ ವಾರ್ಡುಗಳಲ್ಲೇ ಅತಿ ಹೆಚ್ಚು ಭಾರತೀಯರು ಇರುವ ವಾರ್ಡು ಎದೊಗಾವಾ ಆಯಿತು. ಬೆಂಗಳೂರಿನ ಐಟಿ ಕಂಪನಿಗಳಿಂದ ಬಂದ ಕನ್ನಡ ಕುಟುಂಬಗಳೂ ಈ ಬಳಗದಲ್ಲಿವೆ. ಬೆಂಗಳೂರಿನಲ್ಲಿ ಗೇಟಿನಿಂದ ಗೇಟಿಗೆ ಗಾಡಿಯಲ್ಲಿ ಓಡಾಡಿದವರಿಗೆ ಇಲ್ಲಿ ನಡಿಗೆ ತಪ್ಪಿದ್ದಲ್ಲ. ನಿಲ್ದಾಣಕ್ಕೆ, ಶಾಲೆಗೆ, ಅಂಗಡಿಗೆ, ಎಲ್ಲಕ್ಕೂ ಕಾಲೇ ಗತಿ. ಈ ಅನಿವಾರ್ಯತೆಯೇ ನನ್ನ ವಾದಕ್ಕೆ ಮುಖ್ಯ. ಅಭ್ಯಾಸಕ್ಕೆಂದು ಬೇರೆ ಸಮಯ ಮೀಸಲಿಡುವವರು ಮೂರನೇ ವಾರಕ್ಕೆ ಬಿಟ್ಟುಬಿಡುತ್ತಾರೆ. ಹೇಗೂ ನಡೆಯಲೇಬೇಕಾದ ದಾರಿಯಲ್ಲಿ ಕೂರಿಸಿದ ಅಭ್ಯಾಸ ಉಳಿಯುತ್ತದೆ.

ಝೆನ್ ಮಠಗಳಲ್ಲಿ ಕುಳಿತ ಧ್ಯಾನದ ಎರಡು ಅವಧಿಗಳ ನಡುವೆ ನಡೆಯುವ ಧ್ಯಾನಕ್ಕೆ ಕಿನ್‌ಹಿನ್ ಎನ್ನುತ್ತಾರೆ. 1244ರಲ್ಲಿ ಎಯ್‌ಹೇಯ್‌ಜಿ ಮಠವನ್ನು ಕಟ್ಟಿದ ದೋಗೆನ್, ಚೀನಾದಲ್ಲಿ ತನ್ನ ಗುರು ರುಜಿಂಗ್‌ರಿಂದ ಕಲಿತದ್ದನ್ನು ಬರೆದಿಟ್ಟ ಟಿಪ್ಪಣಿಗಳಲ್ಲಿ ಇದರ ಅಳತೆ ಇದೆ: ಒಂದು ಉಸಿರಿಗೆ ಅರ್ಧ ಹೆಜ್ಜೆ. ಎಡಗೈಯ ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿ, ಎದೆಯ ಮುಂದೆ ಹಿಡಿದು, ಅದರ ಮೇಲೆ ಬಲ ಅಂಗೈ ಮುಚ್ಚಬೇಕು. ನೋಟ ತುಸು ಮುಂದಿನ ನೆಲದ ಮೇಲೆ. ಒಂದು ಪೂರ್ತಿ ಉಸಿರು ಒಳಬಂದು ಹೊರಹೋಗುವಷ್ಟರಲ್ಲಿ ಪಾದ ಮುಂದೆ ಸರಿಯುವುದು ತನ್ನದೇ ಉದ್ದದ ಅರ್ಧದಷ್ಟು ಮಾತ್ರ. ಹಿಮ್ಮಡಿಯ ಮೇಲಿನ ಭಾರ ನಿಧಾನವಾಗಿ ಅಂಗಾಲಿಗೆ, ಅಲ್ಲಿಂದ ಬೆರಳ ಬುಡಕ್ಕೆ ಜರುಗುವುದು ಗೊತ್ತಾಗುತ್ತದೆ. ಇದು ಸೋತೊ ಪಂಥದ ರೀತಿ. ರಿಂಝಾಯ್ ಪಂಥದವರು ಇದನ್ನೇ ಓಡುವಷ್ಟು ಬಿರುಸಾಗಿ ಮಾಡುತ್ತಾರೆ. ಹಾಗಾಗಿ ನಿಧಾನವೇ ಧ್ಯಾನವೆಂಬ ಪ್ರಚಲಿತ ನಂಬಿಕೆಗೆ ಸಂಪ್ರದಾಯದಲ್ಲೇ ಆಧಾರವಿಲ್ಲ. ಎರಡರಲ್ಲೂ ಸಮಾನವಾದದ್ದು, ಚದುರಿದ ಗಮನವನ್ನು ಮತ್ತೆ ಮತ್ತೆ ಪಾದಕ್ಕೆ ಕರೆತರುವ ಕೆಲಸ. ಇದರ ಮೂಲ ನಮ್ಮದೇ ನೆಲದ ಚಂಕ್ರಮಣ. ಪಾಳಿಯ ಬೌದ್ಧ ಗ್ರಂಥ ಅಂಗುತ್ತರ ನಿಕಾಯ ಚಂಕ್ರಮಣಕ್ಕೆ ಐದು ಫಲಗಳನ್ನು ಹೇಳುತ್ತದೆ: ದೂರ ಪ್ರಯಾಣದ ಶಕ್ತಿ, ಸಾಧನೆಯ ಶಕ್ತಿ, ಆರೋಗ್ಯ, ಉಂಡದ್ದು ಅರಗುವುದು, ಮತ್ತು ನಡೆಯುತ್ತಾ ಪಡೆದ ಸಮಾಧಿ ಬಹುಕಾಲ ನಿಲ್ಲುವುದು. ಜೀರ್ಣಶಕ್ತಿಯನ್ನೂ ಸಮಾಧಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಈ ಧೈರ್ಯ ನನಗೆ ಬಹಳ ಇಷ್ಟ. ದೇಹದ ವ್ಯಾಯಾಮ ಬೇರೆ, ಮನಸ್ಸಿನ ಸಾಧನೆ ಬೇರೆ ಎಂಬ ಗೋಡೆಯನ್ನು ಆ ಗ್ರಂಥ ಕಟ್ಟಲೇ ಇಲ್ಲ.

ಗಮನವಿಟ್ಟರೂ ಇಡದಿದ್ದರೂ ನಡಿಗೆ ನಡಿಗೆಯೇ ಅಲ್ಲವೇ ಎಂದು ಕೇಳಬಹುದು. ಥಾಯ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ನೇರ ಉತ್ತರ ಹುಡುಕಿತು. ಲಘು ಹಾಗೂ ಮಧ್ಯಮ ಪ್ರಮಾಣದ ಖಿನ್ನತೆ ಇದ್ದ 45 ವೃದ್ಧರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ತನ್ನ ಪಾಡಿಗೆ ಇತ್ತು, ಇನ್ನೊಂದು ಸಾಮಾನ್ಯವಾಗಿ ನಡೆಯಿತು, ಮತ್ತೊಂದು ಬೌದ್ಧ ಕ್ರಮದಲ್ಲಿ ಧ್ಯಾನಿಸುತ್ತಾ ನಡೆಯಿತು. 12 ವಾರಗಳ ಬಳಿಕ ನಡೆದ ಎರಡೂ ಗುಂಪುಗಳಲ್ಲಿ ದೇಹದ ಕಸುವು ಹೆಚ್ಚಿತ್ತು. ಖಿನ್ನತೆ ಇಳಿದದ್ದು ಧ್ಯಾನಿಸುತ್ತಾ ನಡೆದವರಲ್ಲಿ ಮಾತ್ರ. ಸಣ್ಣ ಅಧ್ಯಯನ, ಇದೊಂದರ ಮೇಲೆ ಸಿದ್ಧಾಂತ ಕಟ್ಟಲಾಗದು. ಆದರೂ ಒಂದೇ ನಡಿಗೆಯ ಎರಡು ರೀತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ ಕಾರಣಕ್ಕೆ ಇದಕ್ಕೆ ಬೆಲೆಯಿದೆ.

ಇಷ್ಟಾದರೆ ಎಲ್ಲವೂ ಮನಸ್ಸಿನ ವಿಚಾರ, ಊರು ಯಾವುದಾದರೇನು ಎಂದು ಅನ್ನಿಸಬಹುದು. ಇಲ್ಲೇ ನನ್ನ ಭಿನ್ನಾಭಿಪ್ರಾಯ. ಗಮನ ಪಾದದಲ್ಲಿ ನೆಲೆಸಬೇಕಾದರೆ ಪಾದದಡಿಯ ನೆಲವನ್ನು ನಂಬುವಂತಿರಬೇಕು. ಎಲ್ಲಿ ಚಪ್ಪಡಿ ಕುಸಿದಿದೆ, ಯಾವ ಸ್ಕೂಟರ್ ಫುಟ್‌ಪಾತಿಗೆ ಹತ್ತುತ್ತದೆ ಎಂದು ಕಾಯುವ ಮನಸ್ಸು ಕಾವಲುಗಾರನ ಮನಸ್ಸು. ಅದಕ್ಕೆ ಧ್ಯಾನಿಸಲು ಪುರುಸೊತ್ತಿಲ್ಲ. ನಿಶಿ ಕಸಾಯಿಯ ನೆಲ ತಾನಾಗಿ ಒಳ್ಳೆಯದೇನೂ ಆಗಿರಲಿಲ್ಲ. ಎದೊಗಾವಾ ವಾರ್ಡಿನ ಸುಮಾರು ಶೇ 70ರಷ್ಟು ಭೂಮಿ ಸಮುದ್ರದ ಉಬ್ಬರದ ಮಟ್ಟಕ್ಕಿಂತ ಕೆಳಗಿದೆ. ಬೇಸಾಯಕ್ಕೂ ದೋಣಿಗೂ ಒದಗುತ್ತಿದ್ದ ಇಲ್ಲಿನ ಕಾಲುವೆಗಳು ಊರು ಬೆಳೆದಂತೆ ಚರಂಡಿಗಳಾದವು. ನಮ್ಮ ರಾಜಕಾಲುವೆಗಳ ಕಥೆಯೇ. ಮುಚ್ಚಿ ರಸ್ತೆ ಮಾಡುವುದು ಸುಲಭದ ದಾರಿಯಾಗಿತ್ತು. ವಾರ್ಡು ಬೇರೆ ದಾರಿ ಹಿಡಿಯಿತು. ಫುರುಕಾವಾ ಎಂಬ ಕಾಲುವೆಗೆ ಶುದ್ಧ ನೀರು ಹರಿಸಿ, ದಡದಲ್ಲಿ ಮರ ನೆಟ್ಟು, 1.2 ಕಿಲೋಮೀಟರ್ ಉದ್ದದ ಜಲೋದ್ಯಾನ ಮಾಡಿತು. 1973ರಲ್ಲಿ ಸಿದ್ಧವಾದ ಅದು ಜಪಾನಿನಲ್ಲೇ ಆ ಬಗೆಯ ಮೊದಲನೆಯದು. ಆಮೇಲೆ ಇಂಥ ದಾರಿಗಳು ವಾರ್ಡಿನಲ್ಲಿ ಒಂದೊಂದಾಗಿ ಹೆಚ್ಚಿದವು. ನಿಶಿ ಕಸಾಯಿ ನಿಲ್ದಾಣದ ದಕ್ಷಿಣಕ್ಕೆ ಸುಮಾರು ಮೂರು ಕಿಲೋಮೀಟರ್ ಉದ್ದಕ್ಕೆ ಉದ್ಯಾನಗಳ ಸರಣಿಯೇ ಇದೆ. ಇನ್ನೂ ಮುಂದೆ, 1989ರಲ್ಲಿ ತೆರೆದ ಕಸಾಯಿ ರಿಂಕಾಯ್ ಉದ್ಯಾನ. ಅದರಾಚೆಗಿನ ಜೌಗು ದಂಡೆ 2018ರಲ್ಲಿ ಟೋಕಿಯೊದ ಮೊದಲ ರಾಮ್‌ಸಾರ್ ತಾಣವಾಯಿತು. ನಿಲ್ದಾಣದಿಂದ ಹೊರಡುವ ಕಾಲುದಾರಿಯಲ್ಲಿ ಉಬ್ಬುಗೆರೆ, ಉಬ್ಬುಚುಕ್ಕೆಗಳ ಹಳದಿ ಹಾಸುಗಳಿವೆ. ದೃಷ್ಟಿಹೀನರಿಗಾಗಿ ಸೆಯ್‌ಇಚಿ ಮಿಯಾಕೆ ರೂಪಿಸಿ 1967ರಲ್ಲಿ ಒಕಾಯಾಮಾದಲ್ಲಿ ಮೊದಲು ಹಾಸಿದ್ದು ಇವುಗಳ ಮೂಲ ರೂಪವನ್ನೇ. ಉದ್ದ ಗೆರೆ ಇದ್ದಲ್ಲಿ ಮುಂದೆ ಸಾಗು, ಗುಂಡು ಚುಕ್ಕೆ ಇದ್ದಲ್ಲಿ ನಿಲ್ಲು. ಷೂ ಅಡಿಯಲ್ಲೂ ವ್ಯತ್ಯಾಸ ತಿಳಿಯುತ್ತದೆ. ಪಾದಕ್ಕೂ ಓದಲು ಬರುತ್ತದೆ ಎಂದು ನಂಬಿ ಕಟ್ಟಿದ ಊರಿನಲ್ಲಿ ಪಾದದ ಮೇಲೆ ಗಮನವಿಡುವುದು ಅಷ್ಟು ಕಷ್ಟವಲ್ಲ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ನಡಿಗೆ ಮನಸ್ಸನ್ನು ಸುಮ್ಮನಿರಿಸುವ ಬದಲು ಓಡಿಸುತ್ತದಲ್ಲ? ಸ್ಟ್ಯಾನ್‌ಫರ್ಡಿನ ಒಪ್ಪೆಝೊ ಮತ್ತು ಶ್ವಾರ್ಟ್ಸ್ 2014ರಲ್ಲಿ ತೋರಿಸಿದ್ದೂ ಅದನ್ನೇ: ಕುಳಿತಿದ್ದಾಗಿನದಕ್ಕಿಂತ ನಡೆಯುವಾಗ ಹೊಸ ಹೊಳಹುಗಳು ಹೆಚ್ಚು. ಕ್ಯೋಟೊದ ಕಾಲುವೆ ದಂಡೆಯ ದಾರಿಯಲ್ಲಿ ತತ್ವಜ್ಞಾನಿ ನಿಶಿದಾ ಕಿತಾರೊ ದಿನವೂ ನಡೆದದ್ದು ಚಿಂತನೆಗಾಗಿ. ಕುವೆಂಪು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯಲ್ಲಿ ನಡೆದದ್ದೂ ಮನಸ್ಸು ಖಾಲಿ ಮಾಡಿಕೊಳ್ಳಲು ಅಲ್ಲವೇ ಅಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆಲೋಚನೆ ನಿಂತರೇ ಧ್ಯಾನ ಎಂಬ ಷರತ್ತನ್ನು ಯಾವ ಗಂಭೀರ ಪರಂಪರೆಯೂ ಹೊಸಬರಿಗೆ ಹಾಕಿಲ್ಲ. ಆಲೋಚನೆ ಬರುತ್ತದೆ, ಅದರ ಬೆನ್ನು ಹತ್ತಿ ಹೋಗಿದ್ದೇನೆಂದು ತಿಳಿಯುತ್ತದೆ, ಗಮನ ಹೆಜ್ಜೆಗೆ ಮರಳುತ್ತದೆ. ಆ ತಿಳಿಯುವ ಗಳಿಗೆಯೇ ಅಭ್ಯಾಸ. ಹೊಳಹು ಬಂದು ಉಳಿದರೆ ಅದು ಲಾಭವೇ. ನಿಜವಾದ ತೊಡಕು ಆಲೋಚನೆಗಿಂತ ಕಿವಿಯೊಳಗಿನ ಇಯರ್‌ಫೋನು. ಅದು ಮರಳುವ ದಾರಿಯನ್ನೇ ಮುಚ್ಚುತ್ತದೆ.

ದುಡಿದು ದಣಿದವರಿಗೆ ಇದೆಲ್ಲ ಐಷಾರಾಮ ಎಂಬ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕೊರೊನಾಕ್ಕೆ ಮುಂಚೆ ತೋಜಾಯ್ ಮಾರ್ಗದ ಬೆಳಗಿನ ರೈಲು ತನ್ನ ಸಾಮರ್ಥ್ಯದ ಶೇ 199ರಷ್ಟು ಜನರನ್ನು ತುಂಬಿಕೊಂಡು ಓಡುತ್ತಿತ್ತು. ಆ ಇಕ್ಕಟ್ಟಿನಲ್ಲಿ ನಿಂತು ಬಂದವರಿಗೆ ಒಂದು ಗಂಟೆ ಉದ್ಯಾನದಲ್ಲಿ ನಡೆಯಿರಿ ಎನ್ನುವುದು ನಿರ್ದಯ. ಕೇಳಬೇಕಾದದ್ದು ಅಷ್ಟಲ್ಲ. ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ ಒಂದು ತುಂಡನ್ನು, ಎರಡು ಸಿಗ್ನಲ್‌ಗಳ ನಡುವಿನ ಅಂತರವನ್ನು, ದಿನವೂ ಅದನ್ನೇ, ಪಾದಕ್ಕೆ ಕೊಟ್ಟರೆ ಸಾಕು. ದಾರಿ ಬದಲಾಗಬಾರದು, ಏಕೆಂದರೆ ಗೊತ್ತಿರುವ ದಾರಿಯಲ್ಲಿ ನಿರ್ಧರಿಸಬೇಕಾದದ್ದು ಏನೂ ಇರುವುದಿಲ್ಲ. ಥಾಯ್ ಅರಣ್ಯ ಭಿಕ್ಷುಗಳ ಚಂಕ್ರಮಣದ ಹಾದಿಯೂ ಸುಮಾರು ಮೂವತ್ತು ಹೆಜ್ಜೆಯದೇ. ಅದರಲ್ಲೇ ಹೋಗಿ ಬರುತ್ತಾರೆ.

ಕನ್ನಡಿಗರಿಗೆ ಝೆನ್ ಮಠದ ಪಾಠ ಯಾಕೆ, ನಮ್ಮಲ್ಲಿ ಜೈನ ಮುನಿಗಳ ವಿಹಾರವಿದೆ, ಯುಗಾದಿಗೆ ಬಾಗಲಕೋಟೆ, ವಿಜಯಪುರದ ಕಡೆಯಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯಿದೆ ಎಂದರೆ, ಖಂಡಿತ ಇದೆ. ಮಲ್ಲಯ್ಯನ ಹೆಸರು ಹೇಳುತ್ತಾ ಬೊಬ್ಬೆ ಎದ್ದ ಪಾದದಲ್ಲಿ ನಡೆಯುವವರಿಗೆ ಏಕಾಗ್ರತೆಯ ಪಾಠ ಯಾರೂ ಹೇಳಬೇಕಿಲ್ಲ. ಆದರೆ ಆ ನಡಿಗೆ ವರ್ಷಕ್ಕೊಮ್ಮೆ, ಮನೆ ಮಾರು ಬಿಟ್ಟು ಹೋಗುವಂಥದ್ದು. ತರಕಾರಿ ಚೀಲ ಹಿಡಿದ ಮಂಗಳವಾರ ಸಂಜೆಗೆ ಅದು ಒದಗುವುದಿಲ್ಲ. ಕಿನ್‌ಹಿನ್ ಒದಗುತ್ತದೆ.

ನಿಶಿ ಕಸಾಯಿಯ ಮಕ್ಕಳ ಮನೆಗೆ 90 ದಿನಗಳ ವೀಸಾದಲ್ಲಿ ಬರುವ ಕರ್ನಾಟಕದ ಅಪ್ಪ ಅಮ್ಮಂದಿರ ಮಟ್ಟಿಗೆ ಇದು ಇನ್ನಷ್ಟು ನಿಜ. ಭಾಷೆ ಬಾರದ ಊರಿನಲ್ಲಿ ಯಾರ ಹಂಗೂ ಇಲ್ಲದೆ ಮಾಡಬಹುದಾದದ್ದು ನಡಿಗೆಯೊಂದೇ. ಮೊಣಕಾಲು ನೋವಿನವರೂ ಅಲ್ಲಿ ಒಬ್ಬರೇ ಹೊರಬೀಳಬಹುದು. ವಾಪಸು ಬೆಂಗಳೂರಿಗೆ ಬಂದ ಮೇಲೆ ಅದೇ ಕಾಲು, ಅದೇ ಮನಸ್ಸು ಗೇಟಿನೊಳಗೆ ಉಳಿಯುವುದಾದರೆ ಕೊರತೆ ಅವರ ಶ್ರದ್ಧೆಯಲ್ಲಿಲ್ಲ. ಫುಟ್‌ಪಾತನ್ನು ನಾವು ಸಂಚಾರ ವಿಭಾಗದ ಸಮಸ್ಯೆಯೆಂದು ಬದಿಗಿಟ್ಟಿದ್ದೇವೆ; ಮನಸ್ಸಿನ ಆರೋಗ್ಯದ ಚರ್ಚೆಯಲ್ಲಿ ಅದರ ಹೆಸರೇ ಬರುವುದಿಲ್ಲ. ಧ್ಯಾನ ಶಿಬಿರಕ್ಕೆ ಹಣ ಕಟ್ಟುವವರು ತಮ್ಮ ಬೀದಿಯ ಮುರಿದ ಚಪ್ಪಡಿಗಾಗಿ ವಾರ್ಡಿನ ಕಚೇರಿಗೆ ಒಂದು ಅರ್ಜಿಯನ್ನೂ ಬರೆಯಬೇಕು. ಬೆಳ್ಳಂದೂರಿನತ್ತ ಹರಿಯುವ ರಾಜಕಾಲುವೆಯ ದಡವನ್ನು ನಡೆಯುವ ದಾರಿಯಾಗಿಸಲು ಹೊರಟ ಕೆ-100 ಯೋಜನೆಯಂಥವು ಬಡಾವಣೆ ಬಡಾವಣೆಗೂ ಬೇಕೆಂದು ಕೇಳಬೇಕು. ಫುರುಕಾವಾ ಕಾಲುವೆಯೂ ಒಂದು ಕಾಲಕ್ಕೆ ಮೂಗು ಮುಚ್ಚಿಕೊಂಡು ದಾಟುವಂತೆಯೇ ಇತ್ತು.