ಲೋಗೋದಲ್ಲೇ ಶುರುವಾಗುವ ಭಯ

ಪ್ರಶ್ನೆ: ಹಾರರ್ ಸಿನಿಮಾದಲ್ಲಿ ಕತೆ ಶುರುವಾಗುವ ಮೊದಲೇ, ಸ್ಟುಡಿಯೋ ಲೋಗೋ ಕಂಡಾಗಲೇ ಅಳುಕಾಗುವುದೇಕೆ?

ಉತ್ತರ: ಲೋಗೋ ನಮಗೆ ಬಾಯಿಪಾಠವಾಗಿರುತ್ತದೆ. ಅದು ಹೇಗೆ ಮುಗಿಯುತ್ತದೆಂದು ಕಿವಿಗೆ ಮೊದಲೇ ಗೊತ್ತು. ಆ ನಿರೀಕ್ಷೆಯನ್ನು ತುಸು ಕೆಡಿಸಿದರೂ ಸಾಕು, ಮನಸ್ಸು ಎಚ್ಚರಗೊಳ್ಳುತ್ತದೆ.

1992ರ ‘ಏಲಿಯನ್ 3’ ನೋಡಿ. ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನ ಸರ್ಚ್‌ಲೈಟು, ಡ್ರಮ್ಮು, ಕಹಳೆ ಎಲ್ಲವೂ ಎಂದಿನಂತೆಯೇ ಇವೆ. ಆದರೆ ಆಲ್ಫ್ರೆಡ್ ನ್ಯೂಮನ್ ರಚಿಸಿದ ಆ ಗತ್ತಿನ ಸಂಗೀತ ಕೊನೆ ಮುಟ್ಟುವುದೇ ಇಲ್ಲ. ಇನ್ನೇನು ಮುಗಿಯಬೇಕು ಎನ್ನುವಾಗ ಒಂದೇ ಸ್ವರಗುಚ್ಛದಲ್ಲಿ ಸಿಕ್ಕಿ ಎಳೆಯತೊಡಗುತ್ತದೆ; ಗಾಯಕ ಷಡ್ಜಕ್ಕೆ ಬಾರದೆ ನಿಷಾದದಲ್ಲೇ ನಿಂತುಬಿಟ್ಟಂತೆ. ಅಲ್ಲಿಂದಲೇ ಎಲಿಯಟ್ ಗೋಲ್ಡೆನ್‌ಥಾಲ್ ಅವರ ಹಿನ್ನೆಲೆ ಸಂಗೀತ ಶುರು. ಒಂದು ಹನಿ ರಕ್ತವನ್ನೂ ತೋರಿಸದೆ ಹೆದರಿಸುವ ಈ ಜಾಣತನ, ನನ್ನ ಮಟ್ಟಿಗೆ, ಆ ಚಿತ್ರದ ಎಷ್ಟೋ ದೃಶ್ಯಗಳಿಗಿಂತ ಮೇಲು.

ಬ್ಲಮ್‌ಹೌಸ್ ಕಂಪನಿಯದು ಬೇರೆಯೇ ದಾರಿ. ಅದರ ಹಲವು ಚಿತ್ರಗಳಲ್ಲಿ ಲೋಗೋವೇ ಒಂದು ಪುಟ್ಟ ದೆವ್ವದ ಮನೆ: ಕತ್ತಲ ಕೋಣೆ, ತಾನಾಗಿ ಮೇಲೇಳುವ ಕುರ್ಚಿ. ಮೊದಲ ಸಲ ಬೆಚ್ಚಿಸುತ್ತದೆ, ಆಮೇಲೆ ಬರೀ ಬೋರ್ಡಾಗುತ್ತದೆ. ಆದರೂ ಯಾವ ಬಗೆಯ ಸಿನಿಮಾಕ್ಕೆ ಬಂದಿದ್ದೇವೆಂದು ಸ್ಪಷ್ಟವಾಗಿ ಹೇಳುತ್ತದೆ.

ಹಳೆಯ ಲೋಗೋವನ್ನೇ ಮತ್ತೆ ತರುವವರೂ ಉಂಟು. ಸ್ಯಾಮ್ ರೈಮಿ 2009ರ ‘ಡ್ರ್ಯಾಗ್ ಮಿ ಟು ಹೆಲ್’ ಚಿತ್ರಕ್ಕೆ ಯೂನಿವರ್ಸಲ್‌ನ 1980ರ ದಶಕದ ಲೋಗೋ ಬಳಸಿದರು. ಅದನ್ನು ಕಂಡ ಹಳೆಯ ಪ್ರೇಕ್ಷಕರಿಗೆ, ಆ ಕಾಲದ ಹಾರರ್ ಚಿತ್ರಗಳಂತೆ ಇಲ್ಲಿ ಕಿರುಚಾಟದ ಜೊತೆ ನಗುವೂ ಇರುತ್ತದೆಂಬ ಸುಳಿವು ಅಲ್ಲೇ ಸಿಗುತ್ತದೆ.