ಉದ್ಯಾನಗಳ ಜೀರ್ಣೋದ್ಧಾರ

ನಮ್ಮ ಹಿರಿಯರು ನಮಗೆ ಬಿಟ್ಟುಹೋದ ಸಂಪತ್ತು ಯಾವುದೆಂದು ಕೇಳಿದರೆ ವಿದ್ಯಾವಂತರಾದವರು ತಡಮಾಡದೆ ಉತ್ತರ ಹೇಳಬಲ್ಲರು. ಬೇಲೂರು ಹಳೇಬೀಡುಗಳ ದೇವಾಲಯಗಳು, ಶ್ರವಣಬೆಳಗೊಳದ ಮಹಾಮೂರ್ತಿ, ಹಂಪೆಯ ಅವಶೇಷಗಳು, ಊರೂರಿನ ಶಿಲಾಶಾಸನಗಳು, ಮಠಗಳಲ್ಲಿಯೂ ಮನೆಗಳಲ್ಲಿಯೂ ಉಳಿದುಬಂದಿರುವ ಓಲೆಯ ಪ್ರತಿಗಳು, ಇವನ್ನೆಲ್ಲ ಅವರು ಎಣಿಸುವರು. ಈಚೆಗೆ ನಾವು ನಮ್ಮ ತರಗತಿಯಲ್ಲಿ ಇದೇ ಪ್ರಶ್ನೆಯನ್ನು ಹಾಕಿದೆವು. ಪಟ್ಟಿಯೇನೋ ಉದ್ದವಾಗಿಯೇ ಬಂದಿತು. ಆದರೆ ಲಾಲ್‌ಬಾಗಿನ ಹೆಸರನ್ನು ಯಾರೂ ಎತ್ತಲಿಲ್ಲ. ನಾವೇ ಅದನ್ನು ಸೂಚಿಸಿದಾಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು, "ಅದು ತೋಟವಲ್ಲವೇ, ಸಾರ್?" ಎಂದನು. ಈ ಮಾತಿನಲ್ಲಿ ಅವಜ್ಞೆಯೇನೂ ಇರಲಿಲ್ಲ. ತೋಟವೆಂದರೆ ಬೆಳೆಯುವಂಥದು, ಬಾಡುವಂಥದು, ಮತ್ತೆ ನೆಡುವಂಥದು. ಅದು ಹಳೆಯದಾಗುವುದು ಹೇಗೆ, ಕಾಪಾಡಬೇಕಾದ ಕೃತಿಯಾಗುವುದು ಹೇಗೆ ಎಂಬುದೇ ಅವನ ಸಂದೇಹ. ಆ ಸಂದೇಹಕ್ಕೆ ಉತ್ತರವನ್ನು ಹುಡುಕುವುದೇ ಈ ಹೊತ್ತಿನ ನಮ್ಮ ಉದ್ದೇಶ.

ಕಾಡು ತಾನಾಗಿ ಬೆಳೆಯುತ್ತದೆ. ಹೊಲವನ್ನು ಹೊಟ್ಟೆಗಾಗಿ ಬೆಳೆಯುತ್ತೇವೆ. ಉದ್ಯಾನವು ಈ ಎರಡೂ ಅಲ್ಲ. ಇಂಥ ಕಡೆ ದಾರಿ ತಿರುಗಬೇಕು, ಇಂಥ ಕಡೆ ನೆರಳು ಕವಿಯಬೇಕು, ಇಲ್ಲಿ ನಿಂತವನಿಗೆ ದೂರದ ಕೆರೆಯೋ ಬಂಡೆಯೋ ಕಾಣಬೇಕು, ಚೈತ್ರದಲ್ಲಿ ಈ ಬಣ್ಣ, ಕಾರ್ತಿಕದಲ್ಲಿ ಆ ಬಣ್ಣ ಎಂದು ಒಬ್ಬನು ಮೊದಲೇ ಮನಸ್ಸಿನಲ್ಲಿ ಕಂಡು ನೆಲದ ಮೇಲೆ ಬರೆದಿಡುವ ರಚನೆ ಅದು. ನಮ್ಮ ಆಲಂಕಾರಿಕರು ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಉದ್ಯಾನಕ್ರೀಡೆಯನ್ನೂ ಸೇರಿಸಿರುವುದಷ್ಟೆ. ಕವಿಗಳು ವರ್ಣಿಸಿದ ಉಪವನಗಳನ್ನು ಓದಿ ತಲೆದೂಗುವ ನಾವು ಕಣ್ಣೆದುರಿಗಿರುವ ಉಪವನವನ್ನು ಒಂದು ಕೃತಿಯೆಂದು ಓದಲು ಕಲಿಯದೆ ಹೋದುದು ವಿಚಿತ್ರವೇ ಸರಿ. ಯುರೋಪಿನವರು ಕೂಡ ಇದನ್ನು ತಡವಾಗಿಯೇ ಕಲಿತರೆನ್ನಬೇಕು. ಪ್ರಾಚೀನ ಕಟ್ಟಡಗಳ ರಕ್ಷಣೆಗೆಂದು ಏರ್ಪಟ್ಟ ಅಂತರರಾಷ್ಟ್ರೀಯ ಮಂಡಲಿಯ ಉದ್ಯಾನಶಾಖೆಯವರು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಕಲೆತು, ಐತಿಹಾಸಿಕ ಉದ್ಯಾನವನ್ನು ಒಂದು ಸ್ಮಾರಕವೆಂದೇ ಎಣಿಸತಕ್ಕದ್ದೆಂದು ನಿರ್ಣಯಪತ್ರವೊಂದನ್ನು ಬರೆದದ್ದು 1981ರಲ್ಲಿ. ಆದರೆ ಅದು ಜೀವವುಳ್ಳ ಸ್ಮಾರಕವೆಂದೂ, ಆದಕಾರಣ ಅದರ ರಕ್ಷಣೆಗೆ ಬೇರೆಯ ನಿಯಮಗಳು ಬೇಕೆಂದೂ ಅವರು ಒಡನೆಯೇ ಸೇರಿಸಿದರು. ಕಷ್ಟವೆಲ್ಲ ಇರುವುದು ಆ 'ಜೀವ'ದಲ್ಲಿಯೇ.

ಲಾಲ್‌ಬಾಗನ್ನೇ ತೆಗೆದುಕೊಳ್ಳೋಣ. ಹೈದರಾಲಿಯು 1760ರಲ್ಲಿ ಇದನ್ನು ಪ್ರಾರಂಭಿಸಿದಾಗ ಇದರ ವಿಸ್ತಾರ ಸುಮಾರು 40 ಎಕರೆ. ಟಿಪ್ಪುಸುಲ್ತಾನನು ಮುಂದುವರಿಸಿ ದೇಶಾಂತರಗಳಿಂದ ಗಿಡಬೀಜಗಳನ್ನು ತರಿಸಿದನು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, ಎಂದರೆ 1800ರಲ್ಲಿ, ಈ ದೇಶವನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ತಾನು ಕಂಡುದನ್ನು ಬರೆದಿಟ್ಟಿದ್ದಾನೆ. ತೋಟವು ಚಚ್ಚೌಕವಾದ ಮಡಿಗಳಾಗಿ ವಿಭಾಗವಾಗಿದ್ದಿತು. ಮಡಿಗಳ ನಡುವೆ ದಾರಿಗಳು, ದಾರಿಗಳ ಅಂಚಿಗೆ ಸೈಪ್ರೆಸ್ ಮರಗಳು. ಒಂದೊಂದು ಮಡಿಯಲ್ಲಿ ಒಂದೊಂದೇ ಜಾತಿಯ ಗಿಡ: ಒಂದರಲ್ಲಿ ಗುಲಾಬಿಯೇ ಗುಲಾಬಿ, ಇನ್ನೊಂದರಲ್ಲಿ ದಾಳಿಂಬೆಯೇ ದಾಳಿಂಬೆ. ನೀರಿನ ಅಭಾವವೇ ಇದರ ದೊಡ್ಡ ಕೊರತೆಯೆಂದೂ ಅವನು ಗುರುತಿಸಿದನು. ಬೆಂಗಳೂರಿನವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲವೆಂದು ತೋರುತ್ತದೆ.

ಈಗ ಲಾಲ್‌ಬಾಗಿಗೆ ಹೋಗಿ ಆ ಚಚ್ಚೌಕದ ಮಡಿಗಳನ್ನು ಹುಡುಕುವವನಿಗೆ ಏನು ಸಿಕ್ಕೀತು? 1856ರಲ್ಲಿ ಅದು ಸರ್ಕಾರದ ಸಸ್ಯಶಾಸ್ತ್ರೋದ್ಯಾನವಾಯಿತು. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಶಿಕ್ಷಣ ಪಡೆದವರು ಅಧಿಕಾರಿಗಳಾಗಿ ಬಂದರು. ಅವರಲ್ಲಿ ಜಾನ್ ಕ್ಯಾಮರಾನ್ ಎಂಬವರು 19ನೆಯ ಶತಮಾನದ ಕೊನೆಯ ಭಾಗದಲ್ಲಿ ಬಹುಕಾಲ ಇದ್ದು ತೋಟವನ್ನು ಬಹಳ ಹಿಗ್ಗಿಸಿದರು. ನಮ್ಮ ಅಡಿಗೆಮನೆಗಳ ಸೀಮೆಬದನೆಕಾಯಿ ಅವರ ಕಾಲದಲ್ಲಿಯೇ ಇಲ್ಲಿಗೆ ಬಂದಿತೆಂದು ಹೇಳುವುದುಂಟು. ಬೆಂಗಳೂರಿನ ಗೃಹಿಣಿಯರು ಅವರನ್ನು ಒಮ್ಮೆಯಾದರೂ ನೆನೆಯಬಹುದು. ಗಾಜಿನ ಮನೆಗೆ ಅಸ್ತಿಭಾರವಾದುದು 1889ರಲ್ಲಿ. ಅದರ ಎರಕದ ಕಬ್ಬಿಣ ಗ್ಲಾಸ್ಗೋ ನಗರದಿಂದ ಹಡಗಿನಲ್ಲಿ ಬಂದಿತು. 1935ರಲ್ಲಿ ಅದರ ಪೂರ್ವಭಾಗವನ್ನು ವಿಸ್ತರಿಸಿದಾಗ ಭದ್ರಾವತಿಯ ಉಕ್ಕನ್ನೇ ಉಪಯೋಗಿಸಿದರು. ತರುವಾಯ ಜರ್ಮನಿಯಿಂದ ಬಂದ ಕ್ರುಂಬಿಗಲ್ ಅವರು 1908ರಿಂದ 1932ರವರೆಗೆ ಅಧಿಕಾರದಲ್ಲಿದ್ದು ಸಾಲುಗಳಿಗೂ ನೋಟಗಳಿಗೂ ಒಂದು ಹೊಸ ವ್ಯವಸ್ಥೆಯನ್ನು ಕೊಟ್ಟರು. ಅವರಿಂದ ಅಧಿಕಾರವನ್ನು ವಹಿಸಿಕೊಂಡ ಜವರಾಯ ಅವರು ಆ ಸ್ಥಾನವನ್ನೇರಿದ ಮೊದಲನೆಯ ಭಾರತೀಯರು. ತೋಟವು ಈಗ 240 ಎಕರೆಗಳಷ್ಟಿದೆ. ಇವರೆಲ್ಲರಿಗಿಂತಲೂ ಹಿರಿಯದಾದುದು ನಡುವೆ ನಿಂತಿರುವ ಬಂಡೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಅದರ ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರವಿದೆ. ಹೈದರನ ತೋಟ, ಕಂಪೆನಿಯವರ ತೋಟ, ಕ್ಯಾಮರಾನರ ತೋಟ, ಕ್ರುಂಬಿಗಲ್ಲರ ತೋಟ, ಇಷ್ಟೂ ಒಂದರ ಮೇಲೊಂದು ಬರೆದ ಬರಹದಂತೆ ಆ ಬಂಡೆಯ ಸುತ್ತ ಹರಡಿಕೊಂಡಿವೆ.

ಬರಹದ ಉಪಮೆಯನ್ನು ನಾವು ಸುಮ್ಮನೆ ತರಲಿಲ್ಲ. ನಮ್ಮ ಹಳೆಯ ಕಾವ್ಯಗಳು ನಮಗೆ ಬಂದ ಬಗೆಯನ್ನು ಯೋಚಿಸಿ ನೋಡಿ. ಕವಿಯು ಸ್ವಹಸ್ತದಿಂದ ಬರೆದ ಓಲೆ ಉಳಿದಿರುವುದು ಅಪೂರ್ವ. ಗರಿಯನ್ನು ಹುಳು ತಿಂದಿತು, ತೇವ ಕೆಡಿಸಿತು. ಆದರೂ ಕಾವ್ಯ ಉಳಿದುಬಂದದ್ದು ಪ್ರತಿ ಮಾಡಿದವರಿಂದ. ಎರಡು ಮೂರು ತಲೆಮಾರಿಗೊಮ್ಮೆ ಯಾರೋ ಒಬ್ಬ ಲಿಪಿಕಾರನು ಕುಳಿತು ಹಳೆಯ ಗರಿಯಿಂದ ಹೊಸ ಗರಿಗೆ ಇಳಿಸಿದನು. ಉದ್ಯಾನವೂ ಹೀಗೆಯೇ. ಮರಕ್ಕೆ ಒಂದು ಆಯುಸ್ಸುಂಟು. ನೂರು ವರ್ಷವೋ ಇನ್ನೂರು ವರ್ಷವೋ ಬಾಳಿದ ಮೇಲೆ ಅದು ಹೋಗಲೇಬೇಕು. ಅದರ ಸ್ಥಾನದಲ್ಲಿ ಅದೇ ಜಾತಿಯದನ್ನು ಅದೇ ಅಂತರದಲ್ಲಿ ನೆಟ್ಟರೆ ಸಾಲು ಉಳಿಯುತ್ತದೆ, ನೆಡದಿದ್ದರೆ ಪದ್ಯದಲ್ಲಿ ಒಂದು ಗಣ ಬಿದ್ದುಹೋದ ಹಾಗಾಗುತ್ತದೆ. ಇಲ್ಲಿ ತೋಟಗಾರನೇ ಲಿಪಿಕಾರ. ಲಿಪಿಕಾರನು ಮಾಡಬಹುದಾದ ತಪ್ಪುಗಳೆಲ್ಲ ತೋಟಗಾರನಿಗೂ ಉಂಟು: ಬಿಟ್ಟುಬಿಡುವುದು, ತನಗೆ ತೋಚಿದುದನ್ನು ಸೇರಿಸುವುದು, ಕಷ್ಟವಾದುದನ್ನು ಸುಲಭವಾದುದಕ್ಕೆ ಬದಲಾಯಿಸುವುದು.

ಫ್ರಾನ್ಸಿನಲ್ಲಿ 14ನೆಯ ಲೂಯಿ ದೊರೆಗಾಗಿ ಲ ನೋತ್ರ್ ಎಂಬ ಶಿಲ್ಪಿಯು ರಚಿಸಿದ ವರ್ಸೇಯ ಉದ್ಯಾನವು ಇದಕ್ಕೆ ಒಳ್ಳೆಯ ನಿದರ್ಶನ. ನೂರು ವರ್ಷ ಕಳೆದ ಮೇಲೆ ಅಲ್ಲಿಯ ಮರಗಳು ಮುದಿಯಾದುವು. 16ನೆಯ ಲೂಯಿ ಪಟ್ಟಕ್ಕೆ ಬಂದ ಹೊಸದರಲ್ಲಿ, 1774-75ರ ಚಳಿಗಾಲದಲ್ಲಿ, ಅವನ್ನು ಕಡಿಸಿ ಹೊಸದಾಗಿ ನೆಡಿಸಿದರು. ಉರುಳಿದ ಬೊಡ್ಡೆಗಳ ನಡುವೆ ಜನ ಓಡಾಡುತ್ತಿರುವ ಆ ದೃಶ್ಯವನ್ನು ಹ್ಯೂಬರ್ ರಾಬರ್ ಎಂಬ ಚಿತ್ರಕಾರನು ಬರೆದಿದ್ದಾನೆ. ನೋಡಿದರೆ ಸರ್ವನಾಶದ ಚಿತ್ರದಂತೆಯೇ ಕಾಣುತ್ತದೆ. 1999ರ ಡಿಸೆಂಬರಿನ ಬಿರುಗಾಳಿಯಲ್ಲಿ ಮತ್ತೆ ಸಾವಿರಾರು ಮರಗಳು ಬಿದ್ದುವು, ಮತ್ತೆ ನೆಟ್ಟರು. ಈಗ ಅಲ್ಲಿಗೆ ಹೋಗುವ ಪ್ರವಾಸಿಗಳು ಕಾಣುವುದು ಲ ನೋತ್ರನ ಕೃತಿಯನ್ನೇ, ಆದರೆ ಅವನ ಕೈಯ ಮರಗಳನ್ನಲ್ಲ. ಮೂಲ ನಕ್ಷೆಗಳು ಉಳಿದಿದ್ದುದರಿಂದ ಇದು ಸಾಧ್ಯವಾಯಿತು.

ನಕ್ಷೆಯನ್ನು ಮರೆತು ರುಚಿಯನ್ನು ಮಾತ್ರ ನಂಬಿದರೆ ಏನಾಗುವುದೆಂಬುದಕ್ಕೆ ತಾಜಮಹಲಿಗೆ ಹೋಗಬೇಕು. ಅಲ್ಲಿಯ ಚಾರ್‌ಬಾಗು, ಎಂದರೆ ನೀರಿನ ಕಾಲುವೆಗಳಿಂದ ನಾಲ್ಕು ಭಾಗವಾದ ತೋಟ, ಮೊಗಲರ ಕಾಲದಲ್ಲಿ ಹಣ್ಣಿನ ಮರಗಳಿಂದಲೂ ಹೂವಿನ ಮಡಿಗಳಿಂದಲೂ ತುಂಬಿದ್ದಿತು. 1899ರಿಂದ 1905ರವರೆಗೆ ವೈಸರಾಯ್ ಆಗಿದ್ದ ಕರ್ಜನ್ ಸಾಹೇಬರು ಸ್ಮಾರಕಗಳ ವಿಷಯದಲ್ಲಿ ನಿಜವಾದ ಶ್ರದ್ಧೆಯುಳ್ಳವರು. ಅವರಿಗೆ ನಾವು ಋಣಿಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಳೆದುನಿಂತ ಮರಗಳು ಗುಂಬಜವನ್ನು ಮರೆಮಾಡುತ್ತವೆಂದು ಅವನ್ನು ತೆಗೆಸಿ, ಇಂಗ್ಲೆಂಡಿನ ಜಮೀನುದಾರರ ಬಂಗಲೆಗಳ ಮುಂದಿರುವಂಥ ಹುಲ್ಲುಹಾಸನ್ನು ಹಾಸಿಸಿದರು. ನಾವೆಲ್ಲ ಚಿತ್ರಪಟಗಳಲ್ಲಿ ನೋಡಿ ಮೆಚ್ಚುವುದು ಷಾಹಜಹಾನನ ಕಟ್ಟಡವನ್ನು, ಕರ್ಜನ್ನರ ತೋಟದೊಳಗೆ. ಇದಕ್ಕೆ ಪ್ರತಿಯಾಗಿ ದೆಹಲಿಯ ಹುಮಾಯೂನನ ಗೋರಿಯ ತೋಟವನ್ನು 1997ರಿಂದ 2003ರವರೆಗೆ ಸರಿಪಡಿಸಿದವರು, ಮೊದಲು ನೆಲವನ್ನು ಅಗೆದು ಹಳೆಯ ಕಾಲುವೆಗಳ ಜಾಡನ್ನು ಹಿಡಿದು, ಅವುಗಳಲ್ಲಿ ನೀರು ಹರಿಯುವಂತೆ ಮಾಡಿ, ಆಮೇಲೆ ಗಿಡ ನೆಟ್ಟರು. ಸಂಪಾದಕನೂ ಹೀಗೆಯೇ ಮಾಡಬೇಕಷ್ಟೆ: ಮೊದಲು ಪ್ರತಿಗಳನ್ನು ನೋಡಿ, ಆಮೇಲೆ ತಿದ್ದುವುದು.

ಹಾಗಾದರೆ ಲಾಲ್‌ಬಾಗಿನಲ್ಲಿ ಕ್ರುಂಬಿಗಲ್ಲರ ಸಾಲುಗಳನ್ನು ಕಿತ್ತು ಹೈದರನ ಮಡಿಗಳನ್ನು ಮತ್ತೆ ಮಾಡಬೇಕೆ? ಕೆಲವು ಮಿತ್ರರು ನಮ್ಮೊಡನೆ ಹೀಗೆ ವಾದಿಸಿದ್ದುಂಟು. ಪ್ರಾಚೀನವಾದುದೆಲ್ಲ ಶುದ್ಧ, ಅನಂತರದ್ದೆಲ್ಲ ಪ್ರಕ್ಷೇಪವೆಂಬ ಭಾವನೆ ಇದರ ಹಿಂದಿದೆ. ನಮಗೆ ಇದು ಸರಿತೋರುವುದಿಲ್ಲ. ಫ್ಲಾರೆನ್ಸಿನ ನಿರ್ಣಯವೂ ಉದ್ಯಾನವು ಹಾದುಬಂದ ಎಲ್ಲ ಅವಸ್ಥೆಗಳನ್ನೂ ಗೌರವಿಸಬೇಕೆಂದು, ಸಾಮಾನ್ಯವಾಗಿ ಒಂದು ಕಾಲಕ್ಕೆ ಮಾತ್ರ ಪ್ರಾಶಸ್ತ್ಯ ಕೊಡಕೂಡದೆಂದು ವಿಧಿಸಿದೆ. ಆದರೆ ಒಬ್ಬ ರಚನಕಾರನ ಬದಲಾವಣೆ ಬೇರೆ, ರಚನೆಯ ಅರಿವೇ ಇಲ್ಲದವರ ಸೇರ್ಪಡೆ ಬೇರೆ. ಇಲ್ಲೊಂದು ಸಿಮೆಂಟಿನ ಪ್ರಾಣಿ, ಅಲ್ಲೊಂದು ತಂತಿಬೇಲಿ, ಖಾಲಿಯಾಗಿ ಕಂಡ ಕಡೆ ಒಂದು ತಿಂಡಿಯ ಅಂಗಡಿ, ಬಣ್ಣದ ದೀಪಗಳ ಒಂದು ಕಾರಂಜಿ: ಒಂದೊಂದಾಗಿ ನೋಡಿದರೆ ಇವುಗಳಲ್ಲಿ ಯಾವುದೂ ಅಪರಾಧವಲ್ಲ. ಪ್ರತಿಯೊಂದೂ ಯಾರದೋ ಸದುದ್ದೇಶದಿಂದ ಬಂದುದೇ. ಆದರೆ ಖಾಲಿಯಾಗಿ ಕಂಡ ಆ ಬಯಲು ಖಾಲಿಯಾಗಿರಲೆಂದೇ ಬಿಟ್ಟದ್ದಾಗಿರಬಹುದು. ಅದರಾಚೆಯ ಕೆರೆ ಕಣ್ಣಿಗೆ ಬೀಳಲೆಂದು. ಸಂಗೀತದಲ್ಲಿ ಮೌನಕ್ಕೆ ಸ್ಥಾನವಿರುವಂತೆ ತೋಟದಲ್ಲಿ ತೆರಪಿಗೂ ಸ್ಥಾನವುಂಟು, ಮತ್ತು ಮೊದಲು ನಷ್ಟವಾಗುವುದು ಈ ತೆರಪೇ. ಮರ ಕಡಿದರೆ ನಾಲ್ಕು ಜನ ಕೂಗುತ್ತಾರೆ. ನೋಟವನ್ನು ಮುಚ್ಚಿದರೆ ಕೂಗುವವರಿಲ್ಲ.

ಅಂಚುಗಳ ಕಥೆಯೂ ಇದೇ. ಲಾಲ್‌ಬಾಗು ಮತ್ತು ಕಬ್ಬನ್ ಪಾರ್ಕುಗಳ ನೆಲವನ್ನು ರಕ್ಷಿಸಲು 1975ರಲ್ಲಿಯೇ ಒಂದು ಶಾಸನವಾಯಿತು. ಅದರಿಂದ ದೊಡ್ಡ ಉಪಕಾರವಾಗಿದೆ. ಆದರೂ 2009ರಲ್ಲಿ ಮೆಟ್ರೊ ರೈಲಿನ ಕೆಲಸಕ್ಕಾಗಿ ಲಾಲ್‌ಬಾಗಿನ ಅಂಚಿನ ಮರಗಳು ಉರುಳಿದಾಗ ನಾಗರಿಕರು ಬೀದಿಗಿಳಿಯಬೇಕಾಯಿತು. ರೈಲು ಬೇಡವೆಂದು ನಾವು ಹೇಳುವವರಲ್ಲ. ಅದರಲ್ಲಿಯೇ ಕೂತು ಕಾಲೇಜಿಗೆ ಹೋಗುವವರು ನಾವು. ಉದ್ಯಾನದ ಅಂಚೆಂದರೆ ಉಳಿದುಹೋದ ನೆಲವೆಂಬ ಎಣಿಕೆ ಮಾತ್ರ ತಪ್ಪು. ಹೊರಗಿನ ಗದ್ದಲವನ್ನು ತಡೆದು ಒಳಗನ್ನು ಒಳಗಾಗಿ ಮಾಡುವುದೇ ಆ ಅಂಚು.

ಬೆಂಗಳೂರಿನ ರಸ್ತೆಗಳ ಸಾಲುಮರಗಳನ್ನೂ ಇಲ್ಲಿಯೇ ಹೇಳಬೇಕು. ಒಂದರ ಹೂವು ಉದುರುವ ಹೊತ್ತಿಗೆ ಇನ್ನೊಂದು ಅರಳುವಂತೆ, ವರ್ಷವಿಡೀ ಊರಿನಲ್ಲಿ ಎಲ್ಲಿಯಾದರೂ ಒಂದು ಕಡೆ ಹೂವಿರುವಂತೆ ಜಾತಿಗಳನ್ನು ಆರಿಸಿ ನೆಡುವುದು ಕ್ರುಂಬಿಗಲ್ಲರ ಯೋಜನೆ. ಫಾಲ್ಗುಣದಲ್ಲಿ ಜಕರಂಡದ ನೀಲಿ, ವೈಶಾಖದಲ್ಲಿ ಗುಲ್‌ಮೊಹರಿನ ಕೆಂಪು ಬರುವುದು ಪ್ರಕೃತಿಯ ಆಕಸ್ಮಿಕವೆಂದು ನಾವು ಬಹುಕಾಲ ತಿಳಿದಿದ್ದೆವು. ಅದು ಒಬ್ಬರು ಕಾಗದದ ಮೇಲೆ ಯೋಚಿಸಿದ ಪಂಚಾಂಗವೆಂದು ತಿಳಿದ ದಿನ ನಮಗಾದ ಸಂತೋಷ ಅಷ್ಟಿಷ್ಟಲ್ಲ. ರಸ್ತೆಯನ್ನು ಅಗಲಮಾಡಲು ಒಂದು ಸಾಲನ್ನು ಕಡಿದು, ಬದಲಿಗೆ ಊರಾಚೆ ಎರಡರಷ್ಟು ಸಸಿ ನೆಟ್ಟರೂ ಲೆಕ್ಕ ಸರಿಹೋಗಬಹುದು, ಪಂಚಾಂಗದಲ್ಲಿ ಒಂದು ಮಾಸ ಮಾತ್ರ ಬಿಟ್ಟುಹೋಗುತ್ತದೆ.

ಮಾಡತಕ್ಕದ್ದೇನು? ಬೇಲಿಗಿಂತ ಮೊದಲು ಬೇಕಾದುದು ದಾಖಲೆ. ಯಾವ ಮರ ಎಲ್ಲಿದೆ, ಯಾವ ಸಾಲಿನದು, ಯಾವ ಕಾಲದ್ದು, ಯಾವ ಜಾಗದಿಂದ ಯಾವ ನೋಟ ತೆರೆದಿರಬೇಕು ಎಂಬುದೆಲ್ಲ ನಕ್ಷೆಯಲ್ಲಿಯೂ ಪುಸ್ತಕದಲ್ಲಿಯೂ ನಿಂತು, ಅಧಿಕಾರಿಗಳು ಬದಲಾದರೂ ಬದಲಾಗದಂತಿರಬೇಕು. ಲಾಲ್‌ಬಾಗಿಗೆ ಇದು ಹೊಸ ಮಾತೇನಲ್ಲ. ಕ್ಯಾಮರಾನರ ಕಾಲದಲ್ಲಿ ಚೆಲುವಯ್ಯ ರಾಜು ಎಂಬ ಚಿತ್ರಕಾರರು ಗಿಡಗಳನ್ನು ಎಲೆ ಎಲೆಯಾಗಿ ನೋಡಿ ಬಣ್ಣದಲ್ಲಿ ಬರೆದಿಟ್ಟರು. ಗಿಡಕ್ಕೆ ದೊರೆತ ಆ ಗೌರವ ತೋಟದ ಒಟ್ಟು ರಚನೆಗೂ ದೊರೆಯಬೇಕು. ಎರಡನೆಯದು, ಕೈಕೆಲಸದವರು. ಯಾವ ಕೊಂಬೆಯನ್ನು ಎಲ್ಲಿ ಕತ್ತರಿಸಬೇಕು, ಯಾವ ಸಸಿಗೆ ಎಷ್ಟು ಬೇಸಿಗೆ ನೀರು ಹೊಯ್ಯಬೇಕೆಂಬುದು ಮಾಲಿಯ ಕೈಯಲ್ಲಿರುವ ವಿದ್ಯೆ. ದಿನಗೂಲಿಯ ಮೇಲೆ ಈ ತಿಂಗಳು ಬಂದು ಮುಂದಿನ ತಿಂಗಳು ಹೋಗುವವರಿಂದ ಅದು ಮುಂದಕ್ಕೆ ಸಾಗಲಾರದು. ಪಂಡಿತನಿಗೆ ಪೀಠವಿದ್ದಂತೆ ಒಳ್ಳೆಯ ಮಾಲಿಗೂ ಒಂದು ಖಾಯಂ ಸ್ಥಾನವಿರಬೇಡವೆ?

ಇನ್ನು ಜನರಿಗೆ ತಿಳಿಸುವ ವಿಷಯ. ಗಣರಾಜ್ಯ ದಿನಕ್ಕೂ ಸ್ವಾತಂತ್ರ್ಯ ದಿನಕ್ಕೂ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಅವರು ಗಾಜಿನ ಮನೆಯಲ್ಲಿ ಹೂವಿನಿಂದ ಮಾಡಿದ ಆಕೃತಿಯನ್ನು ನೋಡಿ ಹಿಂತಿರುಗುತ್ತಾರೆ. ತಾವು ನಡೆದುಬಂದ ದಾರಿಯೇ ಒಂದು ಕೃತಿಯೆಂದು ಅವರಿಗೆ ಹೇಳಿದವರಿಲ್ಲ. ನಾವು ಆ ತರಗತಿಯ ಹುಡುಗರನ್ನು ಮರುವಾರ ಬೆಳಗ್ಗೆ ಆರೂವರೆಗೆ ಅಲ್ಲಿಗೆ ಕರೆದುಕೊಂಡು ಹೋದೆವು. ವ್ಯಾಖ್ಯಾನವನ್ನು ಕಡಿಮೆ ಮಾಡಿ, ಒಂದು ಸಾಲಿನ ತುದಿಯಲ್ಲಿ ಅವರನ್ನು ನಿಲ್ಲಿಸಿ, ಮರದಿಂದ ಮರಕ್ಕೆ ಹೆಜ್ಜೆ ಎಣಿಸುವಂತೆ ಹೇಳಿದೆವು. ಅಂತರ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಂದಿತು. ಒಂದು ಕಡೆ ಮಾತ್ರ ಎರಡರಷ್ಟಾಯಿತು. ಹಿಂದಿನ ಬೆಂಚಿನ ಆ ಹುಡುಗನೇ ಅಲ್ಲಿ ನಿಂತು ಕಾಲಿನಿಂದ ತರಗೆಲೆಗಳನ್ನು ಸರಿಸಿ ನೋಡಿದನು. ಕೆಳಗೆ ನೆಲದ ಮಟ್ಟಕ್ಕೆ ಕೊಯ್ದ ಒಂದು ಬೊಡ್ಡೆ ಇದ್ದಿತು. "ಸಾರ್, ಇಲ್ಲಿ ಯಾವ ಜಾತಿಯದು ಇತ್ತೆಂದು ಯಾರನ್ನು ಕೇಳಬೇಕು?" ಎಂದನು. ಅವನನ್ನು ಕರೆದುಕೊಂಡು ಕಚೇರಿಯ ಕಡೆಗೆ ಹೊರಟೆವು.