ಅಡಕೆಯ ಕ್ರಯ ಬೇಗನೆ ಕೈಸೇರುವುದೂ ತೋಟದ ಹಣದ ಲೆಕ್ಕವೂ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಕೆ ತೋಟಗಾರರಿಗೆ ಹಣವು ಬರುವುದು ಹೆಚ್ಚುಕಡಿಮೆ ವರ್ಷಕ್ಕೊಂದಾವೃತ್ತಿ. ಖರ್ಚಾದರೋ ಹನ್ನೆರಡು ತಿಂಗಳೂ ತಪ್ಪದು. ಮಳೆಗಾಲಕ್ಕೆ ಮುಂಚೆ ಕೊಳೆರೋಗದ ಮದ್ದಿಗೆ ಮೈಲುತುತ್ತ ಮತ್ತು ಸುಣ್ಣ, ನಲವತ್ತು ದಿನಗಳ ತರುವಾಯ ಪುನಃ ಅದೇ ಮದ್ದು, ಅನಂತರ ಕೊನೆಗೌಡರ ಮತ್ತು ಸುಲಿಯುವವರ ಕೂಲಿ, ಬೇಯಿಸಲು ಸೌದೆ. ಈ ಅಂತರವನ್ನು ಪೂರ್ವದಲ್ಲಿ ಮಂಡಿ ಸಾಹುಕಾರರ ಮುಂಗಡವು ತುಂಬುತ್ತಿದ್ದಿತು. ಮುಂಗಡ ಪಡೆದವನು ಮಾಲನ್ನು ಅದೇ ಮಂಡಿಗೆ ಹಾಕಬೇಕಾಗಿದ್ದುದರಿಂದ ದರದ ವಿಷಯದಲ್ಲಿ ಅವನಿಗೆ ಬಾಯಿಯೇ ಇರಲಿಲ್ಲ. 1939ರಲ್ಲಿ ಶಿವಮೊಗ್ಗದಲ್ಲಿ ಮಲೆನಾಡು ಅಡಿಕೆ ಮಾರಾಟ ಸಹಕಾರ ಸಂಘವು ಸ್ಥಾಪಿತವಾದ ಮೇಲೆ ಬೆಳೆಗಾರರೇ ಕೂಡಿ ಮಾರುವ ದಾರಿ ತೆರೆಯಿತು.

ಮಾಲು ಮಾರಿದ ಮೇಲೂ ಹಣವು ಚೆಕ್ಕಿನ ರೂಪದಲ್ಲಿ ದಿನಗಟ್ಟಲೆ ದಾರಿಯಲ್ಲಿರುತ್ತಿದ್ದಿತು. 2005ರಲ್ಲಿ ಆರಂಭವಾದ ನೆಫ್ಟ್ ವ್ಯವಸ್ಥೆಯು 2019ನೆಯ ಡಿಸೆಂಬರ್ 16ರಿಂದ ರಜಾದಿನವೆನ್ನದೆ ಹಗಲಿರುಳೂ ಅರ್ಧ ಗಂಟೆಗೊಮ್ಮೆ ಹಣವನ್ನು ರವಾನಿಸುತ್ತದೆ. 2 ಲಕ್ಷ ರೂಪಾಯಿಗೆ ಕಡಮೆಯಿಲ್ಲದ ಮೊಬಲಗಿಗೆ ಆರ್‌.ಟಿ.ಜಿ.ಎಸ್. ಸೌಕರ್ಯವು 2020ನೆಯ ಡಿಸೆಂಬರ್ 14ರಿಂದ ಸರ್ವಕಾಲದಲ್ಲಿಯೂ ಉಂಟು. 2025ನೆಯ ಅಕ್ಟೋಬರ್ 4ರಿಂದ ಚೆಕ್ಕುಗಳಿಗೂ ಅದೇ ದಿನ ತೀರ್ಮಾನವಾಗುವ ಏರ್ಪಾಡಾಗಿದೆ.

ಆದರೆ ಬ್ಯಾಂಕಿನ ವೇಗವು ಖರೀದಿದಾರನು ಹಣ ಕಳುಹಿಸಿದ ಕ್ಷಣದಿಂದ ಮಾತ್ರ ಮೊದಲಾಗತಕ್ಕದ್ದು. ತೂಕವಾದ ಎಷ್ಟು ದಿನಕ್ಕೆ ಅವನು ಕಳುಹಿಸಬೇಕೆಂಬುದು ಕರಾರಿಗೆ ಸೇರಿದ ಮಾತು. ಅದನ್ನು ಮೊದಲೇ ಗೊತ್ತುಮಾಡಿಕೊಳ್ಳದವರು ಬ್ಯಾಂಕನ್ನು ದೂರಿ ಫಲವಿಲ್ಲ. ಇಷ್ಟೇ ಅಲ್ಲ. ಚೆಕ್ಕು ತೀರುವುದರೊಳಗೆ ಹಣ ಹೊಂದಿಸಿಕೊಳ್ಳುತ್ತಿದ್ದ ವರ್ತಕನು ಈಗ ಅದನ್ನು ಮೊದಲೇ ಸಿದ್ಧವಿಟ್ಟುಕೊಳ್ಳಬೇಕಾಗುವುದರಿಂದ, ಕೂಡಲೆ ಹಣ ಕೇಳಿದವರಿಗೆ ದರವನ್ನು ಇಳಿಸಿ ಹೇಳುವುದು ಅಸಂಭವವೇನಲ್ಲ. ಆಗ ತೋಟಗಾರನು ಲೆಕ್ಕ ಹಾಕಿ ನೋಡತಕ್ಕದ್ದು. ಎಂಟು ಕ್ವಿಂಟಾಲ್ ರಾಶಿ ಅಡಕೆಗೆ ಕ್ವಿಂಟಾಲಿಗೆ 50,000 ರೂಪಾಯಿಯಂತೆ 4 ಲಕ್ಷ ಬರತಕ್ಕದ್ದಿದೆ, ಅವನಿಗೆ ನೂರಕ್ಕೆ ವರ್ಷಕ್ಕೆ 12ರ ಬಡ್ಡಿಯ ಸಾಲವೂ ಅಷ್ಟೇ ಇದೆ ಎಂದಿಟ್ಟುಕೊಳ್ಳೋಣ. ಹಣವು ಹತ್ತು ದಿನ ಮುಂಚೆ ಬಂದು ಸಾಲಕ್ಕೆ ಜಮೆಯಾದರೆ ಉಳಿಯುವ ಬಡ್ಡಿ ಸುಮಾರು 1,315 ರೂಪಾಯಿ, ಎಂದರೆ ಕ್ವಿಂಟಾಲಿಗೆ 164. ವರ್ತಕನು 100 ಇಳಿಸಿದರೆ ಕೂಡಲೆ ಹಣ ಪಡೆಯುವುದೇ ಮೇಲು. 300 ಇಳಿಸಿದರೆ, ಅವನು ನಂಬಿಕೆಗೆ ಅರ್ಹನಾಗಿರುವ ಪಕ್ಷದಲ್ಲಿ, ಹತ್ತು ದಿನ ಕಾಯುವುದು ಮೇಲು. ಸಾಲವೇ ಇಲ್ಲದವನ ಲೆಕ್ಕ ಬೇರೆ. ಅವನಿಗೆ ಉಳಿಯುವುದು ಉಳಿತಾಯ ಖಾತೆಯ ಅಲ್ಪ ಬಡ್ಡಿ ಮಾತ್ರ.

ಬೇಗನೆ ಬರುವ ಹಣ ಬೇಗನೆ ಹೋಗುವುದೂ ಉಂಟು. ಹಿಂದೆ ಬ್ಯಾಂಕಿಗೆ ಹೋಗಿಬರುವ ತೊಂದರೆಯೇ ಅನಾವಶ್ಯಕ ಖರ್ಚಿಗೆ ಒಂದು ಅಡ್ಡಿಯಾಗಿದ್ದಿತು. ಈಗ ಅದೂ ಇಲ್ಲ. ಆದುದರಿಂದ ಕ್ರಯ ಜಮೆಯಾದ ವಾರದಲ್ಲಿಯೇ ಮದ್ದು, ಗೊಬ್ಬರ, ಕೂಲಿಗಳ ಮೊಬಲಗನ್ನು ತಿಂಗಳವಾರು ಬರೆದು ಬೇರೆ ಖಾತೆಯಲ್ಲಿಡುವುದು ಯುಕ್ತ. ಸಹಕಾರ ಸಂಘದ ಬೆಳೆಸಾಲದ ಹಣವನ್ನಂತೂ ಎಲ್ಲಕ್ಕಿಂತ ಮೊದಲು ತೆಗೆದಿಡಬೇಕು. ವಾಯಿದೆ ಮೀರಿದರೆ ಬಡ್ಡಿಯ ರಿಯಾಯಿತಿ ತಪ್ಪುತ್ತದೆ.

ಹಣ ಕಳುಹಿಸುವಾಗ ಖಾತೆಯ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿದರೂ ಮೊಬಲಗು ಅನ್ಯರ ಪಾಲಾದೀತು; ಹಿಂದಕ್ಕೆ ಪಡೆಯುವುದು ಪ್ರಯಾಸ. ಪಡೆಯುವವರ ಹೆಸರನ್ನು ಮೊದಲೇ ತೋರಿಸುವ ಸೌಕರ್ಯವು 2025ರಿಂದ ಬ್ಯಾಂಕುಗಳಲ್ಲಿ ಬಂದಿರುವುದರಿಂದ ಅದನ್ನು ನೋಡದೆ ಕಳುಹಿಸಕೂಡದು. ಇನ್ನು ಮಳೆಗಾಲದಲ್ಲಿ ವಿದ್ಯುತ್ತೂ ಮೊಬೈಲ್ ಸಂಪರ್ಕವೂ ಕಡಿದುಹೋಗುವ ಒಳಹಳ್ಳಿಗಳವರು ಎರಡು ವಾರದ ಕೂಲಿಗಾಗುವಷ್ಟು ನಗದನ್ನು ಮನೆಯಲ್ಲಿಯೇ ಇಟ್ಟುಕೊಂಡಿರತಕ್ಕದ್ದು.